ಗುಲಾಮರ ವಂಶಸ್ಥರಿಗೆ ಕಾಲೇಜು ಪ್ರವೇಶದಲ್ಲಿ ಆದ್ಯತೆ: ಅಮೆರಿಕದಲ್ಲಿ ಏನಿದು ಚರ್ಚೆ? ಇಲ್ಲಿದೆ ಪೂರ್ಣ ವಿವರ

ಅಜ್ಜ ಓದಿದ ಕಾಲೇಜಿನಲ್ಲಿ ಮೊಮ್ಮಗನಿಗೆ ಸೀಟು ಸಿಗುವುದು ಸುಲಭ. ಅಮೆರಿಕದ ಹಲವು ಪ್ರತಿಷ್ಠಿತ ವಿಶ್ವವಿದ್ಯಾಲಯಗಳಲ್ಲಿ ಇದು ಹಳೆಯ ಪದ್ಧತಿ. ಹಾಗಾದರೆ ಅದೇ ಕಾಲೇಜನ್ನು ಉಳಿಸಲು ಮಾರಾಟವಾದ ಗುಲಾಮನ ಮರಿಮೊಮ್ಮಕ್ಕಳಿಗೆ?

ಕಳೆದ ಹತ್ತು ವರ್ಷಗಳಿಂದ ಅಮೆರಿಕದಲ್ಲಿ ನಡೆಯುತ್ತಿರುವ ಚರ್ಚೆಯ ಮೂಲ ಪ್ರಶ್ನೆ ಇದು. 2025ರ ಅಕ್ಟೋಬರ್ 13ರಂದು ಕ್ಯಾಲಿಫೋರ್ನಿಯಾ ಗವರ್ನರ್ ಗ್ಯಾವಿನ್ ನ್ಯೂಸಮ್ ಒಂದು ಮಸೂದೆಗೆ ವಿಟೋ ಹಾಕಿದ ನಂತರ ಚರ್ಚೆ ಮತ್ತೆ ಕಾವೇರಿತು. ಗುಲಾಮರ ವಂಶಸ್ಥರಿಗೆ ಪ್ರವೇಶದಲ್ಲಿ ಆದ್ಯತೆ ನೀಡಲು ಕಾಲೇಜುಗಳಿಗೆ ಅವಕಾಶ ಕೊಡುವ ಮಸೂದೆ ಅದು. ಇದು ಜನಾಂಗ ಆಧಾರಿತ ಮೀಸಲಾತಿಯೇ? ಅಥವಾ ನಿರ್ದಿಷ್ಟ ಅನ್ಯಾಯಕ್ಕೆ ನಿರ್ದಿಷ್ಟ ಪರಿಹಾರವೇ? ಇಲ್ಲಿದೆ ವಿವರ.

ಮುಖ್ಯಾಂಶಗಳು

* 1838ರಲ್ಲಿ ಗುಲಾಮರ ಮಾರಾಟದಿಂದ ಲಾಭ ಪಡೆದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ 2016ರಲ್ಲಿ ಅವರ ವಂಶಸ್ಥರಿಗೆ ಪ್ರವೇಶ ಆದ್ಯತೆ ಘೋಷಿಸಿತು.
* 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗ ಆಧಾರಿತ ಪ್ರವೇಶ ಆದ್ಯತೆಯನ್ನು ರದ್ದುಪಡಿಸಿತು.
* ಆ ಬಳಿಕ 'ಜನಾಂಗ'ದ ಬದಲು 'ವಂಶ'ವನ್ನು ಆಧಾರವಾಗಿ ಇಟ್ಟುಕೊಳ್ಳಬಹುದೇ ಎಂಬ ಪ್ರಶ್ನೆ ಮುನ್ನೆಲೆಗೆ ಬಂತು.
* 1870ಕ್ಕಿಂತ ಮೊದಲಿನ ಜನಗಣತಿಯಲ್ಲಿ ಗುಲಾಮರ ಹೆಸರೇ ಇಲ್ಲದಿರುವುದು ದೊಡ್ಡ ತೊಡಕು.

ಕ್ಯಾಲಿಫೋರ್ನಿಯಾ ಮಸೂದೆಯಲ್ಲಿ ಏನಿತ್ತು?

'ಅಸೆಂಬ್ಲಿ ಬಿಲ್ 7' ಅಥವಾ ಎಬಿ 7 ಎಂದು ಕರೆಯಲಾದ ಈ ಮಸೂದೆಯನ್ನು ಮಂಡಿಸಿದವರು ಲಾಸ್ ಏಂಜಲೀಸ್‌ನ ಡೆಮಾಕ್ರಟಿಕ್ ಶಾಸಕ ಐಸಾಕ್ ಬ್ರಯಾನ್. ರಾಜ್ಯದ ಸರ್ಕಾರಿ ಮತ್ತು ಖಾಸಗಿ ಉನ್ನತ ಶಿಕ್ಷಣ ಸಂಸ್ಥೆಗಳು, ಫೆಡರಲ್ ಕಾನೂನಿನ ಮಿತಿಯೊಳಗೆ, ಗುಲಾಮರ ವಂಶಸ್ಥರಾದ ಅರ್ಜಿದಾರರಿಗೆ ಆದ್ಯತೆ ನೀಡುವ ಬಗ್ಗೆ ಪರಿಗಣಿಸಬಹುದು ಎಂಬುದು ಅದರ ಸಾರ. 'ನೀಡಲೇಬೇಕು' ಎಂದಲ್ಲ, 'ನೀಡಬಹುದು' ಎಂದಷ್ಟೇ. ಇಷ್ಟು ಸೀಟು ಮೀಸಲು ಎಂಬ ಲೆಕ್ಕವೂ ಇರಲಿಲ್ಲ.

ವಂಶಸ್ಥರು ಯಾರು ಎಂಬುದಕ್ಕೂ ಮಸೂದೆಯಲ್ಲಿ ವ್ಯಾಖ್ಯೆ ಇತ್ತು. 1900ಕ್ಕಿಂತ ಮೊದಲು ಅಮೆರಿಕದಲ್ಲಿ ಗುಲಾಮಗಿರಿಗೆ ಒಳಗಾಗಿದ್ದ ವ್ಯಕ್ತಿಯ ನೇರ ಸಂತತಿ ಎಂದು ತೋರಿಸಬಲ್ಲವರು ಅರ್ಹರು. ಅಂದರೆ ಅರ್ಜಿದಾರರ ಚರ್ಮದ ಬಣ್ಣ ಇಲ್ಲಿ ಮಾನದಂಡವಲ್ಲ, ವಂಶಾವಳಿ ಮಾನದಂಡ.

ಈ ಆಲೋಚನೆ ಏಕಾಏಕಿ ಹುಟ್ಟಿದ್ದಲ್ಲ. ಕ್ಯಾಲಿಫೋರ್ನಿಯಾ 1850ರಲ್ಲಿ ಗುಲಾಮಗಿರಿ ಇಲ್ಲದ 'ಮುಕ್ತ ರಾಜ್ಯ'ವಾಗಿ ಒಕ್ಕೂಟ ಸೇರಿತ್ತು. ಆದರೂ ತಪ್ಪಿಸಿಕೊಂಡ ಗುಲಾಮರನ್ನು ಒಡೆಯರಿಗೆ ಮರಳಿಸುವ ಕಾನೂನನ್ನು 1852ರಲ್ಲಿ ಜಾರಿಗೆ ತಂದಿತ್ತು. ಇಂಥ ಇತಿಹಾಸದ ಅಧ್ಯಯನಕ್ಕೆ 2020ರ ಕಾನೂನಿನಡಿ ಪರಿಹಾರ ಕಾರ್ಯಪಡೆ ರಚನೆಯಾಯಿತು. ಪರಿಹಾರ ಎಲ್ಲ ಕಪ್ಪು ಜನರಿಗೋ ಅಥವಾ ವಂಶಸ್ಥರಿಗೆ ಮಾತ್ರವೋ ಎಂಬ ಪ್ರಶ್ನೆ ಬಂದಾಗ 2022ರ ಮಾರ್ಚ್‌ನಲ್ಲಿ ಕಾರ್ಯಪಡೆ 5–4 ಮತಗಳಿಂದ 'ವಂಶ'ವನ್ನೇ ಆಯ್ದುಕೊಂಡಿತು. 2023ರ ಜೂನ್‌ನಲ್ಲಿ ಅಂತಿಮ ವರದಿ ಬಂತು.

ವಿಟೋಗೆ ಗವರ್ನರ್ ಕೊಟ್ಟ ಕಾರಣ ಸರಳವಾಗಿತ್ತು: ಇಂಥ ಆದ್ಯತೆ ನೀಡಬೇಕೇ ಬೇಡವೇ ಎಂದು ತೀರ್ಮಾನಿಸುವ ಅಧಿಕಾರ ಕಾಲೇಜುಗಳಿಗೆ ಈಗಾಗಲೇ ಇದೆ, ಹೀಗಾಗಿ ಮಸೂದೆ ಅನಗತ್ಯ. ಅದೇ ತಿಂಗಳು ಅವರು ಇನ್ನೊಂದು ಮಸೂದೆಗೆ ಸಹಿ ಹಾಕಿದರು. ಗುಲಾಮರ ವಂಶಸ್ಥರಿಗಾಗಿ ರಾಜ್ಯ ಸರ್ಕಾರದಲ್ಲೇ ಪ್ರತ್ಯೇಕ ಬ್ಯೂರೋ ಸ್ಥಾಪಿಸುವ ಕಾನೂನು ಅದು.

272 ಜನರ ಮಾರಾಟ: ಜಾರ್ಜ್‌ಟೌನ್ ಕಥೆ

ಕಾಲೇಜು ಪ್ರವೇಶದಲ್ಲಿ ವಂಶಸ್ಥರಿಗೆ ಆದ್ಯತೆ ಎಂದರೆ ಎಲ್ಲರೂ ಮೊದಲು ನೆನಪಿಸಿಕೊಳ್ಳುವುದು ವಾಷಿಂಗ್ಟನ್ ಡಿ.ಸಿ.ಯ ಜಾರ್ಜ್‌ಟೌನ್ ವಿಶ್ವವಿದ್ಯಾಲಯವನ್ನು. 1789ರಲ್ಲಿ ಆರಂಭವಾದ ಇದು ಜೆಸ್ಯೂಟ್ ಸಂಘದ ಸಂಸ್ಥೆ. ಮಂಗಳೂರಿನ ಸೇಂಟ್ ಅಲೋಶಿಯಸ್, ಮುಂಬೈನ ಸೇಂಟ್ ಝೇವಿಯರ್ಸ್, ಚೆನ್ನೈನ ಲೊಯೋಲಾ ಕಾಲೇಜುಗಳಿಂದಾಗಿ ಈ ಸಂಘದ ಹೆಸರು ಕನ್ನಡಿಗರಿಗೂ ಪರಿಚಿತ.

ಮೇರಿಲ್ಯಾಂಡ್‌ನ ಜೆಸ್ಯೂಟರು ತಂಬಾಕು ತೋಟಗಳನ್ನು ಹೊಂದಿದ್ದರು. ತೋಟದಲ್ಲಿ ದುಡಿಯುತ್ತಿದ್ದವರು ಗುಲಾಮರು. 1830ರ ದಶಕದಲ್ಲಿ ಕಾಲೇಜು ಸಾಲದಲ್ಲಿ ಮುಳುಗಿತ್ತು. 1838ರಲ್ಲಿ ಜೆಸ್ಯೂಟರ ಪ್ರಾಂತೀಯ ಮುಖ್ಯಸ್ಥ ಥಾಮಸ್ ಮಲ್ಲೆಡಿ 272 ಜನರನ್ನು ಲೂಸಿಯಾನಾದ ಇಬ್ಬರು ತೋಟದ ಮಾಲೀಕರಿಗೆ ಮಾರುವ ಒಪ್ಪಂದಕ್ಕೆ ಸಹಿ ಹಾಕಿದರು. ಬೆಲೆ 1,15,000 ಡಾಲರ್. ಕೊಂಡವರಲ್ಲಿ ಒಬ್ಬರಾದ ಹೆನ್ರಿ ಜಾನ್ಸನ್ ಲೂಸಿಯಾನಾದ ಮಾಜಿ ಗವರ್ನರ್. ಬಂದ ಹಣದ ಒಂದು ಭಾಗ ಕಾಲೇಜಿನ ಸಾಲ ತೀರಿಸಲು ಹೋಯಿತು.

ಮಾರಾಟವಾದವರಲ್ಲಿ ವೃದ್ಧರಿದ್ದರು, ಹಸುಗೂಸುಗಳಿದ್ದವು. ಕುಟುಂಬಗಳನ್ನು ಒಡೆಯಬಾರದು ಎಂಬ ಷರತ್ತು ಇದ್ದರೂ ಅದು ಪೂರ್ತಿ ಪಾಲನೆಯಾಗಲಿಲ್ಲ. ಬಹಳಷ್ಟು ಜನರನ್ನು 'ಕ್ಯಾಥರೀನ್ ಜಾಕ್ಸನ್' ಎಂಬ ಹಡಗಿನಲ್ಲಿ ನ್ಯೂ ಆರ್ಲಿಯನ್ಸ್‌ಗೆ ಸಾಗಿಸಲಾಯಿತು. ಅವರ ವಂಶಸ್ಥರಲ್ಲಿ ಅನೇಕರು ಇವತ್ತಿಗೂ ಲೂಸಿಯಾನಾದ ಮ್ಯಾರಿಂಗ್ವಿನ್ ಎಂಬ ಸಣ್ಣ ಊರಿನಲ್ಲಿ ಇದ್ದಾರೆ.

ಮಲ್ಲೆಡಿ ಹೆಸರಿನ ಕಟ್ಟಡ ಕ್ಯಾಂಪಸ್‌ನಲ್ಲಿ ಬಹುಕಾಲ ಇತ್ತು. 2015ರಲ್ಲಿ ವಿದ್ಯಾರ್ಥಿಗಳು ಪ್ರತಿಭಟನೆ ನಡೆಸಿದರು, ಹೆಸರು ತೆಗೆಯಲಾಯಿತು. ಈಗ ಆ ಕಟ್ಟಡಕ್ಕೆ ಐಸಾಕ್ ಹಾಕಿನ್ಸ್ ಹೆಸರಿದೆ. ಮಾರಾಟದ ಪಟ್ಟಿಯಲ್ಲಿ ಮೊದಲ ಹೆಸರು ಅವರದೇ.

2016ರ ಸೆಪ್ಟೆಂಬರ್ 1ರಂದು ವಿಶ್ವವಿದ್ಯಾಲಯದ ಅಧ್ಯಕ್ಷ ಜಾನ್ ಡಿಜಿಯೋಯಾ ಮಹತ್ವದ ಘೋಷಣೆ ಮಾಡಿದರು. ಮೇರಿಲ್ಯಾಂಡ್ ಜೆಸ್ಯೂಟರ ಗುಲಾಮರಾಗಿದ್ದವರ ವಂಶಸ್ಥರು ಅರ್ಜಿ ಹಾಕಿದರೆ, ಹಳೆಯ ವಿದ್ಯಾರ್ಥಿಗಳ ಮತ್ತು ಸಿಬ್ಬಂದಿಯ ಮಕ್ಕಳಿಗೆ ಕೊಡುವಷ್ಟೇ ವಿಶೇಷ ಪರಿಗಣನೆ ಅವರಿಗೂ ಸಿಗಲಿದೆ ಎಂದರು. 2017ರ ಏಪ್ರಿಲ್‌ನಲ್ಲಿ ಜೆಸ್ಯೂಟರು ವಂಶಸ್ಥರ ಮುಂದೆ ಬಹಿರಂಗವಾಗಿ ಕ್ಷಮೆ ಕೇಳಿದರು. ಅದೇ ವರ್ಷ ಪ್ರವೇಶ ಪಡೆದವರಲ್ಲಿ 63 ವರ್ಷದ ಮಹಿಳೆಯೊಬ್ಬರೂ ಇದ್ದರು. ಹದಿಹರೆಯದವರ ಜತೆ ಹಾಸ್ಟೆಲ್‌ನಲ್ಲಿದ್ದು ಅವರು ಪದವಿ ತರಗತಿಗೆ ಸೇರಿದರು.

ಎಲ್ಲರೂ ಸಂತೋಷಪಡಲಿಲ್ಲ. ನಮ್ಮ ಬಗ್ಗೆ ನಿರ್ಧಾರ ಮಾಡಲು ರಚಿಸಿದ ಸಮಿತಿಯಲ್ಲಿ ನಮ್ಮವರೇ ಇರಲಿಲ್ಲ ಎಂದು ವಂಶಸ್ಥರಲ್ಲಿ ಕೆಲವರು ಘೋಷಣೆಯ ದಿನವೇ ಆಕ್ಷೇಪಿಸಿದರು. ಜಾರ್ಜ್‌ಟೌನ್‌ನಂಥ ಕಾಲೇಜಿಗೆ ಅರ್ಜಿ ಹಾಕುವ ಮಟ್ಟಕ್ಕೆ ಬರಲು ಒಳ್ಳೆಯ ಶಾಲೆ ಬೇಕಲ್ಲವೇ, ಅದನ್ನು ಯಾರು ಕೊಡುತ್ತಾರೆ ಎಂಬ ಪ್ರಶ್ನೆಯೂ ಬಂತು.

2019ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳೇ ಒಂದು ಜನಮತಗಣನೆ ನಡೆಸಿದರು. ಪ್ರತಿ ಸೆಮಿಸ್ಟರ್‌ಗೆ ಪ್ರತಿ ವಿದ್ಯಾರ್ಥಿ 27.20 ಡಾಲರ್ ಕೊಟ್ಟು ವಂಶಸ್ಥರಿಗಾಗಿ ನಿಧಿ ಮಾಡಬೇಕು ಎಂಬುದು ಪ್ರಸ್ತಾವ. 272 ಜನರ ನೆನಪಿಗೆ ಆ ಮೊತ್ತ. ಮತ ಹಾಕಿದವರಲ್ಲಿ ಸುಮಾರು ಮೂರನೇ ಎರಡು ಭಾಗದಷ್ಟು ಮಂದಿ ಹೌದು ಎಂದರು. ವಿಶ್ವವಿದ್ಯಾಲಯ ಶುಲ್ಕ ವಿಧಿಸಲಿಲ್ಲ. ಬದಲಿಗೆ ವರ್ಷಕ್ಕೆ ಸುಮಾರು 4 ಲಕ್ಷ ಡಾಲರ್ ದೇಣಿಗೆ ಸಂಗ್ರಹಿಸಿ ವಂಶಸ್ಥರ ಸಮುದಾಯಗಳಿಗೆ ಬಳಸುವುದಾಗಿ ಹೇಳಿತು. 2021ರಲ್ಲಿ ಜೆಸ್ಯೂಟರು 10 ಕೋಟಿ ಡಾಲರ್ ಒದಗಿಸುವ ಭರವಸೆಯೊಂದಿಗೆ ವಂಶಸ್ಥರ ಜತೆ ಸೇರಿ ಪ್ರತಿಷ್ಠಾನ ಸ್ಥಾಪಿಸಿದರು.

ಏನಿದು 'ಲೆಗಸಿ' ಆದ್ಯತೆ?

ಜಾರ್ಜ್‌ಟೌನ್ ಹೊಸ ಕೋಟಾ ಸೃಷ್ಟಿಸಲಿಲ್ಲ ಎಂಬುದನ್ನು ಗಮನಿಸಬೇಕು. ಮೊದಲಿಂದ ಇದ್ದ ಸಾಲಿನಲ್ಲೇ ಇವರಿಗೂ ಜಾಗ ಕೊಟ್ಟಿತು. ಆ ಸಾಲಿನ ಹೆಸರು 'ಲೆಗಸಿ'. ತಂದೆ, ತಾಯಿ ಅಥವಾ ಅಜ್ಜ ಅಜ್ಜಿ ಓದಿದ ಕಾಲೇಜಿಗೆ ಅರ್ಜಿ ಹಾಕುವವರಿಗೆ ಸಿಗುವ ಹೆಚ್ಚುವರಿ ಪರಿಗಣನೆ ಅದು.

ಈ ಪದ್ಧತಿ ಬೇರೂರಿದ್ದು 1920ರ ದಶಕದಲ್ಲಿ. ಹಾರ್ವರ್ಡ್, ಯೇಲ್‌ನಂಥ ಕಡೆ ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿದ್ದಾಗ, ಹಳೆಯ ಕುಟುಂಬಗಳ ಮಕ್ಕಳಿಗೆ ಜಾಗ ಉಳಿಸಲು ಕಂಡುಕೊಂಡ ದಾರಿಗಳಲ್ಲಿ ಇದೂ ಒಂದು. ಹಾರ್ವರ್ಡ್ ವಿರುದ್ಧದ ಮೊಕದ್ದಮೆಯಲ್ಲಿ ಹೊರಬಂದ ಅಂಕಿಅಂಶದ ಪ್ರಕಾರ ಅಲ್ಲಿ ಲೆಗಸಿ ಅರ್ಜಿದಾರರಲ್ಲಿ ಸುಮಾರು ಶೇ 33ರಷ್ಟು ಮಂದಿಗೆ ಪ್ರವೇಶ ಸಿಗುತ್ತಿತ್ತು. ಉಳಿದವರಿಗೆ ಈ ಪ್ರಮಾಣ ಶೇ 6ರ ಆಸುಪಾಸು.

ಆದ್ಯತೆಯ ಪರ ಇರುವವರ ಬಲವಾದ ವಾದ ಇಲ್ಲಿದೆ. ಬಹುಪಾಲು ಪ್ರತಿಷ್ಠಿತ ಕಾಲೇಜುಗಳು ಕಪ್ಪು ವಿದ್ಯಾರ್ಥಿಗಳನ್ನು ದಶಕಗಳ ಕಾಲ ಸೇರಿಸಿಕೊಳ್ಳಲೇ ಇಲ್ಲ ಅಥವಾ ಬೆರಳೆಣಿಕೆಯಷ್ಟು ಮಂದಿಯನ್ನು ಮಾತ್ರ ಸೇರಿಸಿಕೊಂಡವು. ಹೀಗಾಗಿ 'ನನ್ನ ಅಜ್ಜ ಇಲ್ಲೇ ಓದಿದ್ದು' ಎಂದು ಹೇಳುವ ಅವಕಾಶ ಗುಲಾಮರ ಮೊಮ್ಮಕ್ಕಳಿಗೆ ಬರಲೇ ಇಲ್ಲ. ಇಲ್ಲಿ ಕಟ್ಟಡ ಕಟ್ಟಿದವರ, ಸಾಲ ತೀರಿಸಲು ಮಾರಾಟವಾದವರ ಸಂಬಂಧವೂ ಕಾಲೇಜಿನ ಜತೆಗಿನ ಸಂಬಂಧವೇ ಅಲ್ಲವೇ ಎಂಬುದು ಅವರ ಪ್ರಶ್ನೆ.

ವಿರೋಧಿಗಳ ಉತ್ತರ: ಲೆಗಸಿ ತಪ್ಪಾಗಿದ್ದರೆ ಅದನ್ನು ನಿಲ್ಲಿಸಿ, ಇನ್ನೊಂದು ಸೇರಿಸಬೇಡಿ. ಕೆಲವು ರಾಜ್ಯಗಳು ಆ ಹಾದಿ ಹಿಡಿದಿವೆ. ವರ್ಜೀನಿಯಾ 2024ರಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಲೆಗಸಿ ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಖಾಸಗಿ ಕಾಲೇಜುಗಳಿಗೆ ಇಂಥ ನಿಷೇಧ 2025ರ ಸೆಪ್ಟೆಂಬರ್‌ನಿಂದ ಅನ್ವಯ. ಆದರೂ ಸ್ಟ್ಯಾನ್‌ಫರ್ಡ್ ಲೆಗಸಿ ಮುಂದುವರಿಸಲು ನಿರ್ಧರಿಸಿ, ರಾಜ್ಯ ಸರ್ಕಾರದ ವಿದ್ಯಾರ್ಥಿ ನೆರವು ಯೋಜನೆಯಿಂದಲೇ ಹೊರಬರುವುದಾಗಿ ಪ್ರಕಟಿಸಿತು.

ಕಾನೂನು ಏನು ಹೇಳುತ್ತದೆ?

2023ರ ಜೂನ್ 29ರಂದು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐತಿಹಾಸಿಕ ತೀರ್ಪು ನೀಡಿತು. ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಈ ಕಾಲೇಜುಗಳ ಪದ್ಧತಿ ಸಂವಿಧಾನದ 14ನೇ ತಿದ್ದುಪಡಿ ಹೇಳುವ ಸಮಾನ ರಕ್ಷಣೆಗೆ ವಿರುದ್ಧ ಎಂದು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಜನಾಂಗ ತನ್ನ ಬದುಕಿನ ಮೇಲೆ ಬೀರಿದ ಪರಿಣಾಮವನ್ನು ಅರ್ಜಿದಾರರು ಪ್ರಬಂಧದಲ್ಲಿ ಬರೆಯಬಹುದು ಎಂಬ ಅವಕಾಶ ಮಾತ್ರ ಉಳಿಯಿತು. ಕ್ಯಾಲಿಫೋರ್ನಿಯಾದ ಸರ್ಕಾರಿ ಕಾಲೇಜುಗಳಲ್ಲಿ 1996ರ 'ಪ್ರೊಪೊಸಿಷನ್ 209' ಮೂಲಕವೇ ಇದು ನಿಷೇಧವಾಗಿತ್ತು.

ಹಾಗಾದರೆ ವಂಶ? ಇಲ್ಲಿ ಎರಡು ಎಳೆಗಳಿವೆ.

ಮೊದಲನೆಯದು ಆದ್ಯತೆಗೆ ಅನುಕೂಲ. ಅದೇ 2023ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಪ್ರತ್ಯೇಕವಾಗಿ ಒಮ್ಮತದ ಅಭಿಪ್ರಾಯ ಬರೆದರು. ಅಂತರ್ಯುದ್ಧದ ನಂತರ ಅಮೆರಿಕದ ಸಂಸತ್ತು ಬಿಡುಗಡೆ ಹೊಂದಿದ ಗುಲಾಮರಿಗಾಗಿ ಮಾಡಿದ ಕಾನೂನುಗಳನ್ನು ಅವರು ಅಲ್ಲಿ ಚರ್ಚಿಸುತ್ತಾರೆ. 'ಬಿಡುಗಡೆ ಹೊಂದಿದವರು' ಎಂಬುದು ಔಪಚಾರಿಕವಾಗಿ ಜನಾಂಗದ ಹೆಸರಲ್ಲ, ಒಂದು ಸ್ಥಿತಿಯ ಹೆಸರು ಎಂಬುದು ಅವರ ವಿವರಣೆ. ಜನಾಂಗ ಆಧಾರಿತ ಆದ್ಯತೆಯನ್ನು ಕಟುವಾಗಿ ವಿರೋಧಿಸುವ ನ್ಯಾಯಮೂರ್ತಿಯ ಈ ಮಾತು ವಂಶ ಆಧಾರಿತ ಆದ್ಯತೆಯ ಪರ ಇರುವವರ ಕೈಗೆ ಸಿಕ್ಕಿತು.

ಎರಡನೆಯದು ಪ್ರತಿಕೂಲ. 2000ನೇ ಇಸವಿಯಲ್ಲಿ ಹವಾಯಿ ರಾಜ್ಯದ ಪ್ರಕರಣವೊಂದು ಸುಪ್ರೀಂ ಕೋರ್ಟ್ ಮುಂದೆ ಬಂತು. 1778ರಲ್ಲಿ ಆ ದ್ವೀಪಗಳಲ್ಲಿದ್ದವರ ವಂಶಸ್ಥರಿಗೆ ಮಾತ್ರ ಒಂದು ಮಂಡಳಿಯ ಚುನಾವಣೆಯಲ್ಲಿ ಮತದಾನದ ಹಕ್ಕು ಇತ್ತು. ವಂಶ ಎಂಬುದು ಜನಾಂಗದ ಇನ್ನೊಂದು ಹೆಸರಾಗಬಹುದು ಎಂದ ಕೋರ್ಟ್, 7–2 ಮತಗಳಿಂದ ಆ ನಿಯಮ ರದ್ದುಪಡಿಸಿತು. ಗುಲಾಮರ ವಂಶಸ್ಥರು ಬಹುತೇಕ ಕಪ್ಪು ಜನರೇ ಆಗಿರುವುದರಿಂದ, ಇದೂ ಹಿಂಬಾಗಿಲಿನ ಜನಾಂಗೀಯ ಆದ್ಯತೆಯೇ ಎಂಬುದು ವಿರೋಧಿಗಳ ವಾದ.

ಆದರೆ ಜಾರ್ಜ್‌ಟೌನ್ ಮಾದರಿಗೂ ಕ್ಯಾಲಿಫೋರ್ನಿಯಾ ಮಾದರಿಗೂ ಒಂದು ವ್ಯತ್ಯಾಸ ಇದೆ. ಜಾರ್ಜ್‌ಟೌನ್‌ನಲ್ಲಿ ಲಾಭ ಪಡೆದ ಸಂಸ್ಥೆ ಯಾವುದು, ನೊಂದ ಕುಟುಂಬಗಳು ಯಾವುವು ಎಂದು ಪಟ್ಟಿ ಇಟ್ಟು ತೋರಿಸಬಹುದು. ಎಬಿ 7ರಲ್ಲಿ ಅಂಥ ನೇರ ಕೊಂಡಿ ಬೇಕಿರಲಿಲ್ಲ, ಯಾವುದೇ ಅಮೆರಿಕನ್ ಗುಲಾಮನ ವಂಶಸ್ಥರಾದರೂ ಸಾಕಿತ್ತು. ಕೋರ್ಟ್ ಮುಂದೆ ಎರಡನೆಯದನ್ನು ಸಮರ್ಥಿಸುವುದು ಹೆಚ್ಚು ಕಷ್ಟ.

ಕಪ್ಪು ಸಮುದಾಯದೊಳಗೇ ಇರುವ ಪ್ರಶ್ನೆ

ಈ ಚರ್ಚೆ ಕೇವಲ ಬಿಳಿಯರು ಮತ್ತು ಕರಿಯರ ನಡುವಿನದಲ್ಲ. 2004ರಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರಾದ ಹೆನ್ರಿ ಲೂಯಿಸ್ ಗೇಟ್ಸ್ ಮತ್ತು ಲಾನಿ ಗಿನಿಯರ್ ಒಂದು ಅಹಿತಕರ ಸಂಗತಿ ಎತ್ತಿದರು. ಅಲ್ಲಿನ ಕಪ್ಪು ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಆಫ್ರಿಕಾ ಅಥವಾ ಕೆರಿಬಿಯನ್ ದೇಶಗಳಿಂದ ಬಂದ ವಲಸಿಗರು, ಅವರ ಮಕ್ಕಳು ಅಥವಾ ಮಿಶ್ರ ಕುಟುಂಬಗಳ ಮಕ್ಕಳು ಎಂಬುದು ಆ ಸಂಗತಿ. ಅಮೆರಿಕದಲ್ಲೇ ತಲೆಮಾರುಗಳಿಂದ ಗುಲಾಮಗಿರಿ, ನಂತರ ಜಿಮ್ ಕ್ರೋ ಕಾನೂನುಗಳ ಪ್ರತ್ಯೇಕತೆ ಅನುಭವಿಸಿದ ಕುಟುಂಬಗಳ ಮಕ್ಕಳು ಅಲ್ಪಸಂಖ್ಯಾತರಾಗಿದ್ದರು.

1999ರಲ್ಲಿ 28 ಆಯ್ದ ಕಾಲೇಜುಗಳಿಗೆ ಸೇರಿದ ವಿದ್ಯಾರ್ಥಿಗಳ ಬಗ್ಗೆ ಸಮಾಜಶಾಸ್ತ್ರಜ್ಞ ಡಗ್ಲಾಸ್ ಮ್ಯಾಸಿ ಮತ್ತು ಸಹೋದ್ಯೋಗಿಗಳು 2007ರಲ್ಲಿ ಅಧ್ಯಯನ ಪ್ರಕಟಿಸಿದರು. ಅದರ ಪ್ರಕಾರ ಕಪ್ಪು ವಿದ್ಯಾರ್ಥಿಗಳಲ್ಲಿ ಶೇ 27 ಮಂದಿ ವಲಸಿಗ ಕುಟುಂಬದವರು. ಐವಿ ಲೀಗ್ ಕಾಲೇಜುಗಳಲ್ಲಿ ಈ ಪ್ರಮಾಣ ಶೇ 41.

ಜನಾಂಗ ಆಧಾರಿತ ಆದ್ಯತೆ ಯಾರಿಗಾಗಿ ಆರಂಭವಾಯಿತೋ ಅವರಿಗೆ ಸರಿಯಾಗಿ ತಲುಪಲಿಲ್ಲ, ವಂಶ ಆಧಾರವಾದರೆ ತಲುಪುತ್ತದೆ ಎಂದು ಒಂದು ವರ್ಗ ಹೇಳುತ್ತದೆ. ಇನ್ನೊಂದು ವರ್ಗದ ಆತಂಕ ಬೇರೆ. ಪೊಲೀಸರು ರಸ್ತೆಯಲ್ಲಿ ತಡೆದಾಗ, ಬಾಡಿಗೆ ಮನೆ ಕೇಳಿದಾಗ ಯಾರೂ ವಂಶಾವಳಿ ನೋಡುವುದಿಲ್ಲ, ಬಣ್ಣವನ್ನಷ್ಟೇ ನೋಡುತ್ತಾರೆ. ಹೀಗಿರುವಾಗ ಸಮುದಾಯವನ್ನು ಇಬ್ಭಾಗ ಮಾಡುವುದೇಕೆ ಎಂದು ಅವರು ಕೇಳುತ್ತಾರೆ.

ದಾಖಲೆ ತರುವುದೆಲ್ಲಿಂದ? '1870ರ ಗೋಡೆ'

ವಂಶ ಆಧಾರಿತ ಆದ್ಯತೆಯ ಅತಿ ಕಷ್ಟದ ಭಾಗ ಇದು. 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರಿಗೆ ಪ್ರತ್ಯೇಕ ಪಟ್ಟಿ ಇತ್ತು. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಬರೆಯಲಾಗುತ್ತಿತ್ತು. ಕೆಲವು ಅಪವಾದ ಬಿಟ್ಟರೆ ಹೆಸರು ಬರೆಯುತ್ತಿರಲಿಲ್ಲ. 1860ರಲ್ಲಿ ಅಮೆರಿಕದಲ್ಲಿ ಸುಮಾರು 40 ಲಕ್ಷ ಗುಲಾಮರಿದ್ದರು. 1865ರಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ರದ್ದು ಮಾಡಿತು. ಅವರಲ್ಲಿ ಬಹುಪಾಲು ಜನರ ಹೆಸರು ಜನಗಣತಿಯಲ್ಲಿ ಮೊದಲ ಬಾರಿಗೆ ದಾಖಲಾಗಿದ್ದು 1870ರಲ್ಲಿ. ವಂಶಾವಳಿ ಹುಡುಕುವವರು ಇದನ್ನು '1870ರ ಗೋಡೆ' ಎನ್ನುತ್ತಾರೆ.

ಜಾರ್ಜ್‌ಟೌನ್ ವಂಶಸ್ಥರು ಈ ಗೋಡೆ ದಾಟಲು ಸಾಧ್ಯವಾಗಿದ್ದು ಜೆಸ್ಯೂಟರು ಬರೆದಿಟ್ಟ ಲೆಕ್ಕದಿಂದ. ದೀಕ್ಷಾಸ್ನಾನ ಮತ್ತು ಮದುವೆಯ ದಾಖಲೆ, ಮಾರಾಟದ ಪಟ್ಟಿ, ಹಡಗಿನ ಪ್ರಯಾಣಿಕರ ಪಟ್ಟಿ ಎಲ್ಲವೂ ಉಳಿದಿದ್ದವು. ಹಳೆಯ ವಿದ್ಯಾರ್ಥಿ ರಿಚರ್ಡ್ ಸೆಲ್ಲಿನಿ ಸ್ಥಾಪಿಸಿದ 'ಜಾರ್ಜ್‌ಟೌನ್ ಮೆಮೊರಿ ಪ್ರಾಜೆಕ್ಟ್' ಸಾವಿರಾರು ವಂಶಸ್ಥರನ್ನು ಗುರುತಿಸಿತು. ಮಾರಾಟವಾದವರು 272 ಅಲ್ಲ, 314 ಎಂದೂ ಅದರ ಸಂಶೋಧನೆ ಹೇಳಿತು.

ಇಂಥ ದಾಖಲೆ ಎಲ್ಲರಿಗೂ ಸಿಗದು. ಅಂದರೆ ಅನ್ಯಾಯದ ಭಾಗವಾಗಿಯೇ ಹೆಸರು ಕಳೆದುಕೊಂಡವರು, ಪರಿಹಾರ ಪಡೆಯಲು ಅದೇ ಹೆಸರನ್ನು ಹುಡುಕಿ ತರಬೇಕು. ಹಣ, ಸಮಯ, ಇಂಟರ್ನೆಟ್, ವಕೀಲರು ಇರುವ ಕುಟುಂಬಗಳಿಗೆ ಇದು ಸಾಧ್ಯ, ಬಡವರಿಗೆ ಕಷ್ಟ. ಈ ಕಾರಣಕ್ಕೇ ವಂಶಸ್ಥರ ದೃಢೀಕರಣ ಹೇಗಿರಬೇಕು ಎಂದು ಸಂಶೋಧನೆ ನಡೆಸಲು ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗೆ 60 ಲಕ್ಷ ಡಾಲರ್‌ವರೆಗೆ ಬಳಸಲು ಅವಕಾಶ ನೀಡುವ ಕಾನೂನಿಗೆ 2025ರಲ್ಲಿ ಸಹಿ ಬಿತ್ತು.

ವರ್ಜೀನಿಯಾದ ಬೇರೆ ದಾರಿ

2021ರಲ್ಲಿ ವರ್ಜೀನಿಯಾ ಇನ್ನೊಂದು ಪ್ರಯೋಗ ಮಾಡಿತು. ಗುಲಾಮರ ದುಡಿಮೆಯ ಲಾಭ ಪಡೆದ ಐದು ಹಳೆಯ ಸರ್ಕಾರಿ ಸಂಸ್ಥೆಗಳಿಗೆ ಅದು ಹೊಣೆ ಹೊರಿಸಿತು. ಯೂನಿವರ್ಸಿಟಿ ಆಫ್ ವರ್ಜೀನಿಯಾ, ವಿಲಿಯಂ ಆ್ಯಂಡ್ ಮೇರಿ, ವರ್ಜೀನಿಯಾ ಮಿಲಿಟರಿ ಇನ್‌ಸ್ಟಿಟ್ಯೂಟ್, ವರ್ಜೀನಿಯಾ ಕಾಮನ್‌ವೆಲ್ತ್ ಮತ್ತು ಲಾಂಗ್‌ವುಡ್ ಆ ಐದು. ತಮ್ಮಲ್ಲಿ ದುಡಿದ ಗುಲಾಮರನ್ನು ಸಾಧ್ಯವಾದಷ್ಟು ಗುರುತಿಸಿ, ಸ್ಮಾರಕ ನಿರ್ಮಿಸಿ, ವಂಶಸ್ಥರಿಗೆ ಅಥವಾ ಗುಲಾಮಗಿರಿಯೊಂದಿಗೆ ಐತಿಹಾಸಿಕ ಸಂಬಂಧ ಇರುವವರಿಗೆ ವಿದ್ಯಾರ್ಥಿವೇತನ ಅಥವಾ ಆರ್ಥಿಕ ಅಭಿವೃದ್ಧಿ ಯೋಜನೆ ಒದಗಿಸಬೇಕು. ಇದಕ್ಕೆ ರಾಜ್ಯದ ಹಣ ಅಥವಾ ಶುಲ್ಕ ಏರಿಕೆಯ ಹಣ ಬಳಸುವಂತಿಲ್ಲ. ಇಲ್ಲಿ ಸೀಟಿನ ಆದ್ಯತೆ ಇಲ್ಲ, ಓದಲು ಹಣ ಇದೆ.

ಕರ್ನಾಟಕದ ಸಿದ್ದಿಯರು

ಆಫ್ರಿಕಾದಿಂದ ತಂದ ಗುಲಾಮರ ವಂಶಸ್ಥರು ಕರ್ನಾಟಕದಲ್ಲೂ ಇದ್ದಾರೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ಭಾಗದ ಸಿದ್ದಿಯರ ಪೂರ್ವಜರಲ್ಲಿ ಅನೇಕರನ್ನು ಪೋರ್ಚುಗೀಸರು ಮತ್ತು ಅರಬ್ ವ್ಯಾಪಾರಿಗಳು ಗುಲಾಮರಾಗಿ ಪಶ್ಚಿಮ ಕರಾವಳಿಗೆ ತಂದಿದ್ದರು. ಗೋವಾದಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಇದರಿಂದ ಕಾಲೇಜು ಪ್ರವೇಶದಲ್ಲೂ ಮೀಸಲಾತಿ ಬಂತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು.

ಇಲ್ಲಿ ಸಿದ್ದಿ ವಿದ್ಯಾರ್ಥಿ ತನ್ನ ಮುತ್ತಜ್ಜ ಗುಲಾಮನಾಗಿದ್ದ ಎಂದು ಸಾಬೀತು ಮಾಡಬೇಕಿಲ್ಲ. ತಹಶೀಲ್ದಾರ್ ಕೊಡುವ ಪಂಗಡದ ಪ್ರಮಾಣಪತ್ರ ಸಾಕು. ಭಾರತದ ಸಂವಿಧಾನ ಸಮುದಾಯವನ್ನು ಘಟಕವಾಗಿ ನೋಡುತ್ತದೆ. ಅಮೆರಿಕದಲ್ಲಿ 2023ರ ತೀರ್ಪಿನ ನಂತರ ಆ ಬಾಗಿಲು ಮುಚ್ಚಿದೆ. ಹಾಗಾಗಿಯೇ ಅಲ್ಲಿ ಪ್ರತಿ ಕುಟುಂಬದ ವಂಶಾವಳಿಯ ಮಾತು ಬಂದಿದೆ.

ಹಾಗಂತ ಭಾರತದ ಪದ್ಧತಿಗೆ ತೊಡಕಿಲ್ಲ ಎಂದಲ್ಲ. ಪರಿಶಿಷ್ಟ ಪಂಗಡದ ಸ್ಥಾನ ರಾಜ್ಯದ ಗಡಿಗೆ ಸೀಮಿತ. ಆಂಧ್ರದಿಂದ ಮುಂಬೈಗೆ ಬಂದು ನೆಲೆಸಿದ ಕುಟುಂಬದ ವಿದ್ಯಾರ್ಥಿಯೊಬ್ಬರು ಅಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಪರಿಶಿಷ್ಟ ಪಂಗಡದ ಸೀಟು ಕೇಳಿದಾಗ, 1990ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಹೊರರಾಜ್ಯದಲ್ಲಿರುವ ಕನ್ನಡಿಗರಿಗೆ ಈ ನಿಯಮ ಹೊಸದೇನಲ್ಲ.

ಮುಂದೇನು?

ಜಾರ್ಜ್‌ಟೌನ್ ಮಾದರಿಯ ಆದ್ಯತೆ ಸಂವಿಧಾನಬದ್ಧವೇ ಎಂಬ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ ನೇರ ತೀರ್ಪು ನೀಡಿಲ್ಲ. ಎಬಿ 7 ಕಾನೂನಾಗಿದ್ದರೆ ಆ ಪರೀಕ್ಷೆ ಬೇಗ ನಡೆಯುವ ಸಾಧ್ಯತೆ ಇತ್ತು. ವಿಟೋ ನಂತರ ನಿರ್ಧಾರ ಆಯಾ ಕಾಲೇಜುಗಳಿಗೇ ಬಿಟ್ಟಿದ್ದು, ಮೊಕದ್ದಮೆಯ ಭಯ ಇರುವಾಗ ಎಷ್ಟು ಕಾಲೇಜುಗಳು ಮುಂದೆ ಬರುತ್ತವೆ ಎಂಬುದನ್ನು ಕಾದು ನೋಡಬೇಕು.

ಅಮೆರಿಕದಲ್ಲಿ ಪದವಿ ಓದಲು ಅರ್ಜಿ ಹಾಕುವ ಭಾರತೀಯ ಕುಟುಂಬಗಳು ಒಂದು ವಿಷಯ ಗಮನಿಸಬಹುದು. ಜಾರ್ಜ್‌ಟೌನ್ ಮಾದರಿಯಲ್ಲಿ ಲಾಭ ಪಡೆಯುವವರು ಒಂದು ಸಂಸ್ಥೆಗೆ ಸಂಬಂಧಿಸಿದ ನಿರ್ದಿಷ್ಟ ಕುಟುಂಬಗಳವರು. ಲೆಗಸಿ ಆದ್ಯತೆ ಮಾತ್ರ ಹಲವು ಖಾಸಗಿ ಕಾಲೇಜುಗಳಲ್ಲಿ ಈಗಲೂ ಮುಂದುವರಿದಿದೆ. ಯಾವ ಕಾಲೇಜು ಲೆಗಸಿ ಪರಿಗಣಿಸುತ್ತದೆ, ಯಾವುದು ಇಲ್ಲ ಎಂಬುದನ್ನು ಅರ್ಜಿ ಹಾಕುವ ಮುನ್ನ ಆಯಾ ಕಾಲೇಜಿನ ಪ್ರವೇಶ ವಿಭಾಗದ ಮಾಹಿತಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು.